ಕಾಲವನ್ನು ಹಿಂದಕ್ಕೆ ತಿರುಗಿಸೋರೇ, ಎಲ್ಲಿವರೆಗೆ ತಿರುಗಿಸ್ತೀರಿ?

ಭಾನುವಾರ ಮಗನ ಜೊತೆ ಕೂತು 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ನೋಡಿದೆ. 2010ರ ಡಿಸ್ನಿ ಸಿನಿಮಾ. ನಾನು ಮಧ್ಯೆ ಮಧ್ಯೆ ಗೊಣಗ್ತಿದ್ದೆ. "ಇದರಲ್ಲೂ ಜಾತಿ ಹುಡುಕ್ತೀಯಲ್ಲಪ್ಪಾ" ಅಂತ ಮಗ ನಕ್ಕ. ನಾನು ಹುಡುಕಲಿಲ್ಲ ಕಣೋ, ಅದೇ ಎದುರಿಗೆ ಬಂದು ಕೂತಿತ್ತು.

ಈ ಆಟ ನನಗೆ ಹೊಸದಲ್ಲ. ಬಿ.ಎ. ಓದುವಾಗ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಅಲ್ಲಿ ಟೈಪಿಂಗಿಗಿಂತ ಮೊದಲು ಕಲಿತದ್ದು ಜೋರ್ಡಾನ್ ಮೆಕ್ನರ್ ಮಾಡಿದ 1989ರ ಹಳೇ ಆಟ. 60 ನಿಮಿಷದೊಳಗೆ ಸೆರೆಮನೆಯಿಂದ ತಪ್ಪಿಸಿಕೊಂಡು ರಾಜಕುಮಾರಿಯನ್ನು ಉಳಿಸಬೇಕು. ಆ ಪುಟ್ಟ ಬೊಂಬೆಗೆ ಕಣ್ಣು ಮೂಗು ಸರಿಯಾಗಿ ಕಾಣ್ತಿರಲಿಲ್ಲ. ಹಾಗಾಗಿ ಕೇರಿಯಿಂದ ಬಂದ ನಾನೂ ರಾಜಕುಮಾರನೇ. ಅಷ್ಟು ಹೊತ್ತು ಯಾರೂ "ನೀವು ಯಾವ ಜನ" ಅಂತ ಕೇಳ್ತಿರಲಿಲ್ಲ.

ಸಿನಿಮಾ ಆಗಿದ್ದು 2003ರಲ್ಲಿ ಬಂದ ಹೊಸ ಆಟ. ಅದರಲ್ಲಿ ರಾಜಕುಮಾರ ಸಾಚಾ ಅಲ್ಲ. ಅಪ್ಪನ ಸೈನ್ಯದ ಜೊತೆ ನಮ್ಮ ಭಾರತದ ಒಬ್ಬ ಮಹಾರಾಜನ ಅರಮನೆಗೆ ನುಗ್ಗಿ ಕಠಾರಿ ದೋಚುತ್ತಾನೆ. ಮಹಾರಾಜನ ಮಗಳು ಫರಾ ಸೆರೆಯಾಗ್ತಾಳೆ. ವಜೀರನ ಮಾತಿಗೆ ಮರುಳಾಗಿ, ಲೋಕವನ್ನೇ ಹಾಳುಮಾಡುವ ಮರಳಿನ ಗಡಿಯಾರ ತೆರೆಯೋನೂ ಅವನೇ. ಕೊನೆಗೆ ಕಾಲ ಹಿಂದಕ್ಕೆ ಹೋಗೋದು ಎಲ್ಲಿಗೆ? ದಾಳಿಗಿಂತ ಮುಂಚಿನ ರಾತ್ರಿಗೆ. ಅವನೇ ಫರಾಳ ಕೋಣೆಗೆ ಹೋಗಿ, ನಡೆದದ್ದೆಲ್ಲ ಹೇಳಿ, ಕಠಾರಿ ವಾಪಸ್ ಕೊಡ್ತಾನೆ.

ಸಿನಿಮಾ ಇದನ್ನೆಲ್ಲ ತೊಳೆದು ಹಾಕಿದೆ. ಕತೆಗೆ ಮೆಕ್ನರ್ ಹೆಸರೇ ಇದೆ, ಅದಕ್ಕೇ ಹೊಟ್ಟೆ ಉರಿಯೋದು. ಫರಾ ಹೋಗಿ ತಮೀನಾ ಬಂದಳು, ಭಾರತ ಹೋಗಿ ಆಲಮುತ್ ಬಂತು. ಪರ್ಷಿಯಾದ ರಾಜಕುಮಾರ ಅಮೆರಿಕದ ಜೇಕ್ ಜಿಲೆನ್‌ಹಾಲ್. ಪಾಪವನ್ನೆಲ್ಲ ಹೊರೋ ಚಿಕ್ಕಪ್ಪ ನಿಜಾಮ್ ಯಾರು? ಬೆನ್ ಕಿಂಗ್ಸ್ಲಿ, ಅಂದರೆ ಗುಜರಾತಿ ಮೂಲದ ಅಪ್ಪನ ಮಗ ಕೃಷ್ಣ ಭಾಂಜಿ. ನಾಯಕನಿಗೋಸ್ಕರ ಪ್ರಾಣ ಕೊಡೋನು ಆಫ್ರಿಕಾದ ಕಪ್ಪು ವೀರ ಸೆಸೊ. ನಮ್ಮ ಸಿನಿಮಾಗಳಲ್ಲೂ ಇದೇ ಲೆಕ್ಕ ತಾನೇ?

ಇಲ್ಲೂ ಕಾಲ ಹಿಂದಕ್ಕೆ ಹೋಗುತ್ತೆ. ಆದರೆ ದಾಳಿಗಿಂತ ಮುಂಚೆಗಲ್ಲ, ಸೈನ್ಯ ಊರೊಳಗೆ ನುಗ್ಗಿ ಆದಮೇಲಿನ ಕ್ಷಣಕ್ಕೆ! ಚಿಕ್ಕಪ್ಪನ ಮೇಲೆ ತಪ್ಪು ಹೊರಿಸಿದರು, ಕ್ಷಮೆ ಕೇಳಿದರು, ಗೆದ್ದವರ ಹುಡುಗನಿಗೂ ಸೋತವರ ಹುಡುಗಿಗೂ ಮದುವೆ ಮಾತಾಡಿದರು. ದಾಳಿಯಲ್ಲಿ ಸತ್ತವರನ್ನು ಕೇಳೋರಿಲ್ಲ. ಶುಭಂ.

ಇದಕ್ಕೆ ನಮ್ಮ ಕಡೆ ರಾಜಿ ಪಂಚಾಯ್ತಿ ಅಂತಾರೆ. ಆಫೀಸಿಗೆ ರಜೆ ಹಾಕಿ, ಹೊಡೆತ ತಿಂದವರ ಜೊತೆ ಠಾಣೆ ಮುಂದೆ ನಿಂತಾಗಲೆಲ್ಲ ಈ ಕ್ಲೈಮ್ಯಾಕ್ಸ್ ಕೇಳಿದ್ದೀನಿ: "ಯಾರೋ ಹೇಳಿಕೊಟ್ಟರು, ನಮ್ಮ ಹುಡುಗರು ಒಳ್ಳೆಯವರೇ. ಆಗಿದ್ದು ಆಗೋಯ್ತು. ಊರಲ್ಲಿ ಒಟ್ಟಿಗೆ ಬಾಳ್ಬೇಕಲ್ಲಪ್ಪಾ, ಕೇಸ್ ವಾಪಸ್ ತಗೋ." ಅವರೂ ಕಾಲ ತಿರುಗಿಸೋಕೇ ಬಂದಿರ್ತಾರೆ. ಆದರೆ ಹೊಡೆತ ಬೀಳೋ ಮುಂಚಿನ ಕ್ಷಣಕ್ಕಲ್ಲ, ದೂರು ಕೊಡೋ ಮುಂಚಿನ ಕ್ಷಣಕ್ಕೆ.

"ಬರೀ ಸಿನಿಮಾ ಕಣ್ರೀ" ಅಂತ ಬರೋರಿಗೆ ಒಂದು ಮಾತು. ಬರೀ ಆಟ ಅನಿಸಿಕೊಂಡಿದ್ದೇ ತಪ್ಪು ಮಾಡಿದವನ ಬಾಯಲ್ಲಿ ತಪ್ಪು ಒಪ್ಪಿಸಿತ್ತು. ಕೋಟಿಗಟ್ಟಲೆ ಡಾಲರ್ ಸುರಿದ ಸಿನಿಮಾಕ್ಕೆ ಅಷ್ಟೂ ಧೈರ್ಯ ಇರಲಿಲ್ಲ. ನಮಗೆ ನಿಮ್ಮ ಮದುವೆ ಊಟ ಬೇಡ ಸ್ವಾಮಿ. ಮೊದಲು ತಪ್ಪು ನಮ್ಮದು ಅಂತ ಹೇಳಿ.

ಜೈ ಭೀಮ್.