ಪ್ಯಾರಿಸ್ಸಿನಲ್ಲಿ ಮೆರೆದ ಮಗ್ಗ

2024ರ ಒಲಿಂಪಿಕ್ಸ್ ಕಾಲದಲ್ಲಿ ಪ್ಯಾರಿಸ್ಸಿನ ಲಾ ವಿಲೆಟ್ ಉದ್ಯಾನದಲ್ಲಿ ‘ಇಂಡಿಯಾ ಹೌಸ್’ ತೆರೆಯಿತು. ಅದರ ಹಿಂದಿದ್ದುದು ದೇಶದ ಮಹಾ ಬಂಡವಾಳಗಾರರ ಪ್ರತಿಷ್ಠಾನ. ಒಳಹೊಕ್ಕವರಿಗೆ ಯೋಗ, ಕುಣಿತ, ಕೈಮಗ್ಗದ ಬಟ್ಟೆಗಳ ದರ್ಶನವಾಯಿತು. ನೆಯ್ದ ಕೈಗೆ ಮನ್ನಣೆ ಸಿಕ್ಕರೆ ನಮಗೂ ಸಂತೋಷವೇ. ಆದರೆ ಆ ಕೈಯ ಪಾಡೇನು?

2019-20ರ ಕೈಮಗ್ಗ ಗಣತಿಯ ಪ್ರಕಾರ ನೂರಕ್ಕೆ 66 ನೇಕಾರ ಕುಟುಂಬಗಳ ತಿಂಗಳ ವರಮಾನ 5,000 ರೂಪಾಯಿಗಿಂತ ಕಡಿಮೆ. ನೇಕಾರರ ಅಹವಾಲಿಗೆಂದು ಇದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ 2020ರಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿತು. ಸೀರೆಗೆ ಪ್ಯಾರಿಸ್ಸಿನಲ್ಲಿ ಜಾಗವುಂಟು, ನೇಕಾರನಿಗೆ ದಿಲ್ಲಿಯಲ್ಲಿ ಜಾಗವಿಲ್ಲ!

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ, ನೇಕಾರ ಬರಿಗೈಯಾದರೆ ನಮ್ಮ ಸಂತೆಯೂ ಬರಿದು. ಮೊದಲು ಮಂಡಳಿ ಮರಳಿ ಬರಲಿ, ನೂಲು ನ್ಯಾಯಬೆಲೆಗೆ ಸಿಗಲಿ; ಮೆರವಣಿಗೆ ಆಮೇಲೆ.