ಧಾರವಾಡಕ್ಕೆ ಒಮ್ಮೆ ಕೆಲಸ ಇಲ್ಲದೆ ಹೋಗಿಬನ್ನಿ

ಧಾರವಾಡಕ್ಕೆ ಕಡೆಯ ಸಲ ಯಾಕೆ ಹೋಗಿದ್ದಿರಿ ಅಂತ ನಮ್ಮ ಕೊಣ್ಣೂರಿನವರನ್ನು ಕೇಳಿ ನೋಡಿ. ಹೈಕೋರ್ಟಿನಲ್ಲಿ ತಾರೀಖು ಇತ್ತು. ದವಾಖಾನೆಗೆ ಹೋಗಿದ್ದೆವು. ಮಗನ ಪರೀಕ್ಷೆಯ ಸೆಂಟರ್ ಅಲ್ಲಿ ಬಿದ್ದಿತ್ತು. ಹುಬ್ಬಳ್ಳಿಗೆ ಹೋಗುವಾಗ ಬಸ್ ಬದಲಿಸಿದೆವು, ಬರುವಾಗ ಅರ್ಧ ಕಿಲೋ ಪೇಡೆ ತಂದೆವು. ಉತ್ತರ ಇಷ್ಟರಲ್ಲೇ ಮುಗಿಯುತ್ತದೆ. ಸುಮ್ಮನೆ ಊರು ನೋಡಲು ಹೋಗಿದ್ದೆವು ಅನ್ನುವವರು ನಮಗೆ ಇನ್ನೂ ಸಿಕ್ಕಿಲ್ಲ.

ಸುಮ್ಮನೆ ನೋಡಲು ನಾವು ಗೋವಾಕ್ಕೆ ಹೋಗುತ್ತೇವೆ, ಮೈಸೂರಿಗೆ ಹೋಗುತ್ತೇವೆ. ಶಾಲೆಯ ಟ್ರಿಪ್ ಅಂದರೆ ಗೋಲಗುಮ್ಮಟ, ಬಾದಾಮಿ, ಪಟ್ಟದಕಲ್ಲು. ಧಾರವಾಡ ಯಾರ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಕೋಟೆಯಿಲ್ಲ, ಸಮುದ್ರವಿಲ್ಲ, ಫೋಟೋ ತೆಗೆಸಿಕೊಳ್ಳಲು ದೊಡ್ಡ ಮೂರ್ತಿಯಿಲ್ಲ. ಇರುವುದು ಕಾಲೇಜು, ಮರ, ಮಳೆ, ಪುಸ್ತಕದಂಗಡಿ ಮತ್ತು ಚಹಾ. ನೋಡಬೇಕಾದದ್ದು ಅದನ್ನೇ, ಅದೂ ನಮ್ಮ ಮಕ್ಕಳಿಗೆ ಕಾಲೇಜಿನ ವಯಸ್ಸು ಬರುವ ಮೊದಲೇ ತೋರಿಸಬೇಕು ಅನ್ನುವುದು ನಮ್ಮ ವಾದ.

ಈ ಮಾತು ನಮಗೆ ತಿಳಿದದ್ದು ಹೋದ ವರ್ಷ. ನಮ್ಮ ಓಣಿಯ ಅಣ್ಣ ಒಬ್ಬರದು ಹೊಲದ ವ್ಯಾಜ್ಯ, ಹೈಕೋರ್ಟಿನ ಧಾರವಾಡ ಪೀಠದಲ್ಲಿ ತಾರೀಖು ಇತ್ತು. 2008ರಲ್ಲಿ ಈ ಪೀಠ ಬಂದ ಮೇಲೆ ನಮ್ಮ ಕಡೆಯ ಜನಕ್ಕೆ ಬೆಂಗಳೂರಿನ ಅಲೆದಾಟ ತಪ್ಪಿದೆ. ವಕೀಲರ ಹತ್ತಿರ ಮಾತಾಡಲು ಜೊತೆಗೆ ಬಾ ಅಂತ ಅಣ್ಣ ಕರೆದರು. ಪಿಯುಸಿ ಎರಡನೇ ವರ್ಷದಲ್ಲಿದ್ದ ಅವರ ಮಗಳು ತಾನೂ ಬರುತ್ತೇನೆ ಅಂತ ಹಟ ಹಿಡಿದಳು. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ, ಬರಲಿ ಬಿಡು ಅಂದರು ಅವರ ಮನೆಯಾಕೆ.

ಗೋಕಾಕ, ಯರಗಟ್ಟಿ, ಸವದತ್ತಿ ದಾಟಿ ಧಾರವಾಡ. ಎಲ್ಲಮ್ಮನ ಗುಡ್ಡದ ತನಕ ನಮ್ಮ ಜನಕ್ಕೆ ದಾರಿ ಬಾಯಿಪಾಠ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ತಾಸಿನ ದಾರಿ, ಅದೇ ನಮಗೆ ಪರದೇಶ.

ಕೋರ್ಟಿನ ಕೆಲಸ ಹನ್ನೆರಡಕ್ಕೆಲ್ಲ ಮುಗಿಯಿತು. ಮುಗಿಯಿತು ಅಂದರೆ ತಾರೀಖು ಮುಂದೆ ಹೋಯಿತು. ಅಣ್ಣ ಸೀದಾ ಬಸ್‌ಸ್ಟ್ಯಾಂಡಿಗೆ ಹೊರಟರು. ಹುಡುಗಿ ಮಾತ್ರ, ‘ಅಪ್ಪಾ, ಕರ್ನಾಟಕ ಕಾಲೇಜ್ ಒಂದ ನೋಡಿ ಹೋಗೂಣು’ ಅಂದಳು.

ಆ ಕಾಲೇಜಿಗೂ ನಮ್ಮೂರಿಗೂ ಒಂದು ನಂಟಿದೆ. ಕೊಣ್ಣೂರಿನ ಗೋಕಾಕ ರೋಡ್ ಸ್ಟೇಷನ್ ಇರುವ ಹಳಿಯ ಮೇಲೆ ಬ್ರಿಟಿಷರ ಕಾಲದಲ್ಲಿ ರೈಲು ಓಡಿಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಕಂಪನಿ ಕಚೇರಿಯನ್ನು ಬೇರೆಡೆಗೆ ಒಯ್ದಿತು, ಕಟ್ಟಡ ಉಳಿಯಿತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಮುಂದೆ ಅದೇ ಕಲ್ಲಿನ ಕಟ್ಟಡಕ್ಕೆ ಬಂತು. ನಮ್ಮ ರೈಲಿನ ಲೆಕ್ಕ ಬರೆಯುತ್ತಿದ್ದ ಖೋಲಿಗಳಲ್ಲಿ ಈಗ ಹುಡುಗರು ಪಾಠ ಕೇಳುತ್ತಾರೆ. ಗಿರೀಶ ಕಾರ್ನಾಡರು ಗಣಿತ ಓದಿ 1958ರಲ್ಲಿ ಪದವಿ ಪಡೆದದ್ದು ಇದೇ ಕಾಲೇಜಿನಿಂದ.

ಕಾಲೇಜು ನೋಡಿ ಹೊರಬಂದೆವು. ರಸ್ತೆಯ ಬದಿಗೆ ಚಹಾದ ಅಂಗಡಿ, ಎರಡು ಬೆಂಚು. ಒಂದರ ಮೇಲೆ ನಾಲ್ವರು ಹುಡುಗಿಯರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಯಾವುದೋ ವಿಷಯಕ್ಕೆ ಜೋರು ವಾದ ನಡೆಸಿದ್ದರು. ಚಹಾ ಯಾವಾಗಲೋ ಕುಡಿದಾಗಿತ್ತು. ಅಂಗಡಿಯವ ಏಳಿರಿ ಅನ್ನಲಿಲ್ಲ, ಹೋಗಿಬರುವವರು ತಿರುಗಿ ನೋಡಲಿಲ್ಲ.

ಅಣ್ಣ ನಿಂತೇ ಇದ್ದರು. ಮೆಲ್ಲಗೆ ನಮ್ಮ ಕಿವಿಯಲ್ಲಿ ಕೇಳಿದರು: ‘ಅಲ್ಲೋ ತಮ್ಮಾ, ಹುಡುಗ್ಯಾರು ಚಹಾದ ಅಂಗಡ್ಯಾಗ ಕುಂತಾರಲ್ಲೋ. ಯಾರೂ ಏನೂ ಅನ್ನಂಗಿಲ್ಲೇನು?’

ಈ ಪ್ರಶ್ನೆಗೆ ನಗಬೇಡಿ. ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತುತ್ತದೆ, ರಾತ್ರಿಯವರೆಗೆ ಬೆಂಚು ಖಾಲಿಯಿರುವುದಿಲ್ಲ. ಪೇಪರ್ ಓದುವುದು ಅಲ್ಲಿ, ಇಲೆಕ್ಷನ್ ಗೆಲ್ಲಿಸುವುದು ಸೋಲಿಸುವುದು ಅಲ್ಲಿ, ಕಬ್ಬಿನ ಬಿಲ್ಲಿನ ಜಗಳ ಅಲ್ಲಿ. ಆ ಬೆಂಚಿನ ಮೇಲೆ ಹೆಣ್ಣುಮಗಳೊಬ್ಬಳು ಕೂತದ್ದನ್ನು ನಾವು ನೋಡಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯರು ಬಸ್ ಬರುವ ತನಕ ಗೋಡೆಗೆ ಆತು ನಿಲ್ಲುತ್ತಾರೆ.

ಆ ನಾಲ್ವರಲ್ಲಿ ಒಬ್ಬಳು ರಾಯಬಾಗ ಕಡೆಯವಳು. ನಮ್ಮ ಮಾತಿನ ಧಾಟಿ ಕೇಳಿ ಅವಳೇ, ‘ಯಾವೂರ್ರಿ ಕಾಕಾ?’ ಅಂದಳು. ಜಾಗ ಮಾಡಿಕೊಟ್ಟಳು. ಅಣ್ಣನ ಮಗಳು ಅವರ ನಡುವೆ ಕೂತಳು. ಸ್ವಲ್ಪ ಹೊತ್ತಿಗೆ ಅಣ್ಣನೂ ಕೂತರು. ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ನಾವು ಮರೆಯುವುದಿಲ್ಲ. ಹಾಸ್ಟೆಲ್ಲಿನಲ್ಲಿ ರೊಟ್ಟಿ ಕೊಡುತ್ತಾರೋ ಬರೀ ಅನ್ನವೋ? ಸಂಜೆ ಎಷ್ಟಕ್ಕೆ ಒಳಗೆ ಹೋಗಬೇಕು? ಜ್ವರ ಬಂದರೆ ಯಾರು ನೋಡುತ್ತಾರೆ? ತಿಂಗಳಿಗೆ ಒಟ್ಟು ಖರ್ಚೆಷ್ಟು, ಖರೇ ಹೇಳವ್ವಾ? ಆ ಹುಡುಗಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಹಾಸ್ಟೆಲ್ ಸೀಟು ಸಿಗುವುದು ತಡವಾಗುತ್ತದೆ, ಅಲ್ಲಿಯವರೆಗೆ ನಾಲ್ಕು ಜನ ಸೇರಿ ಖೋಲಿ ಹಿಡಿಯಬೇಕು ಅನ್ನುವ ಕಷ್ಟವನ್ನೂ ಮುಚ್ಚಿಡಲಿಲ್ಲ.

ಇಂಥ ಉತ್ತರ ಯಾವ ಕಾಲೇಜಿನ ಪುಸ್ತಿಕೆಯಲ್ಲೂ ಇರುವುದಿಲ್ಲ. ಅಡ್ಮಿಶನ್ ದಿನ ಕೌಂಟರಿನ ಮುಂದೆ ಬೆವರುತ್ತ ನಿಂತಾಗ ಸಿಗುವುದೂ ಇಲ್ಲ. ಕೆಲಸವಿಲ್ಲದೆ ಹೋಗಿ ಕೂತವರಿಗೆ ಮಾತ್ರ ಸಿಗುತ್ತದೆ.

ಇದು ನಮ್ಮ ಊರುಗಳ ಮಾತಷ್ಟೇ ಅಲ್ಲ. ಇಟಲಿಯಲ್ಲಿ ಪಾಡುವಾ ಅಂತ ಒಂದು ಊರಿದೆ. ನಾವೇನೂ ಹೋಗಿಲ್ಲ, ನಮ್ಮ ಹತ್ತಿರ ಪಾಸ್‌ಪೋರ್ಟೂ ಇಲ್ಲ, ಓದಿ ತಿಳಿದದ್ದು. ಜಗತ್ತಿನ ಜನವೆಲ್ಲ ವೆನಿಸ್ ನೋಡಲು ಓಡುತ್ತದೆ, ರೈಲಿನಲ್ಲಿ ಅರ್ಧ ತಾಸಿನ ಹಾದಿಯಲ್ಲಿರುವ ಪಾಡುವಾದಲ್ಲಿ ಇಳಿಯುವವರು ಕಡಿಮೆ. ಹುಬ್ಬಳ್ಳಿಗೆ ಹೋಗುವವರು ಧಾರವಾಡ ದಾಟಿ ಹೋದ ಹಾಗೆ. ಆದರೆ ಅಲ್ಲಿಯ ವಿಶ್ವವಿದ್ಯಾಲಯ 1222ರಷ್ಟು ಹಳೆಯದು. ಗೆಲಿಲಿಯೋ 1592ರಿಂದ 1610ರವರೆಗೆ ಅಲ್ಲಿ ಪಾಠ ಹೇಳಿದ.

ಆ ಊರಿನಲ್ಲಿ ಪೆಡ್ರೊಕ್ಕಿ ಅನ್ನುವ ಕಾಫಿ ಮನೆ ಇದೆ, 1831ರದು. ಹಿಂದೆ ಹಗಲು ರಾತ್ರಿ ತೆರೆದೇ ಇರುತ್ತಿದ್ದುದರಿಂದ ಅದಕ್ಕೆ ‘ಬಾಗಿಲಿಲ್ಲದ ಕಾಫಿ ಮನೆ’ ಅನ್ನುತ್ತಿದ್ದರು. ಅದರಲ್ಲಿ ಹಸಿರು ಖೋಲಿ ಅಂತ ಒಂದು. ಅಲ್ಲಿ ಏನೂ ಕೊಳ್ಳದೆಯೂ ಕೂಡಬಹುದು ಅನ್ನುವುದು ಆ ಮನೆಯ ರೂಢಿ. ರೊಕ್ಕವಿಲ್ಲದ ವಿದ್ಯಾರ್ಥಿಗಳು ಅಲ್ಲಿ ಕೂತು ಓದುತ್ತಿದ್ದರು, ವಾದಿಸುತ್ತಿದ್ದರು. ಬರೀ ಹರಟೆಯೂ ಅಲ್ಲ. 1848ರ ಫೆಬ್ರವರಿ 8ರಂದು ಅಲ್ಲಿಯ ವಿದ್ಯಾರ್ಥಿಗಳು ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧ ಎದ್ದರು. ಆ ದಿನ ಸಿಪಾಯಿಗಳು ಹಾರಿಸಿದ ಗುಂಡಿನ ಗುರುತು ಅಲ್ಲಿಯ ಬಿಳಿ ಖೋಲಿಯ ಗೋಡೆಯಲ್ಲಿ ಈಗಲೂ ಇದೆ.

ಇಂಗ್ಲೆಂಡಿನಲ್ಲಿ ಮೊದಲ ಕಾಫಿ ಮನೆ 1650ರ ಸುಮಾರಿಗೆ ಶುರುವಾದದ್ದು ಆಕ್ಸ್‌ಫರ್ಡ್‌ನಲ್ಲಿ, ಅದೂ ವಿಶ್ವವಿದ್ಯಾಲಯದ ಊರು. ಮುಂದೆ ಲಂಡನ್ನಿನಲ್ಲಿ ಇಂಥ ಅಂಗಡಿಗಳಿಗೆ ‘ಪೆನ್ನಿ ಯುನಿವರ್ಸಿಟಿ’ ಅಂತ ಹೆಸರು ಬಂತು. ಒಂದು ಪೆನ್ನಿ ಕೊಟ್ಟರೆ ಕಾಫಿ, ಓದಲು ಪತ್ರಿಕೆ, ಕೇಳಲು ತಿಳಿದವರ ಮಾತು. ಅಲ್ಲಿ ಕೂತವರು ಸರ್ಕಾರದ ಬಗ್ಗೆ ಮಾತಾಡುತ್ತಾರೆ ಅಂತ ಎರಡನೇ ಚಾರ್ಲ್ಸ್ ರಾಜ 1675ರ ಡಿಸೆಂಬರಿನಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಲು ಹುಕುಂ ಹೊರಡಿಸಿದ. ಜನ ಗದ್ದಲ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಹುಕುಂ ಹಿಂದಕ್ಕೆ ಹೋಯಿತು.

ಕಾಫಿ ಬೆಳೆಯುವುದು ನಮ್ಮ ರಾಜ್ಯದಲ್ಲೇ ಆದರೂ, ಚಿಕ್ಕಮಗಳೂರು ಕೊಡಗಿನ ಆ ಕಾಫಿ ತುಂಗಭದ್ರೆ ದಾಟಿ ನಮ್ಮ ಕಡೆ ಬಂದು ನೆಲೆಸಲಿಲ್ಲ. ನಮ್ಮದು ಚಹಾದ ಸೀಮೆ. ಹೆಸರು ಬೇರೆ, ಬೆಂಚು ಒಂದೇ.

ಧಾರವಾಡದಲ್ಲಿ ವಿಶ್ವವಿದ್ಯಾಲಯ ಬಂದ ಮೇಲೆ ವಿದ್ಯೆಯ ಮಾತು ಶುರುವಾಯಿತು ಅಂದುಕೊಂಡರೆ ತಪ್ಪು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮುಂಬೈಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ. ಅದಕ್ಕೆ ಅರವತ್ತು ವರ್ಷ ಮೊದಲೇ, 1890ರಲ್ಲಿ, ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವಿತ್ತು. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಇತ್ತು. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಸುಭಾಸ ರಸ್ತೆಯ ಅಟ್ಟಕ್ಕೆ ಕಾರ್ನಾಡ, ಕುರ್ತಕೋಟಿ ಅವರಂಥವರು ಮೆಟ್ಟಿಲು ಹತ್ತಿ ಹೋಗಿ ಕೂಡುತ್ತಿದ್ದರು. ಜನ ಕೂತು ಮಾತಾಡುವ ಊರು ಮೊದಲಿತ್ತು, ವಿಶ್ವವಿದ್ಯಾಲಯ ಆಮೇಲೆ ಬಂತು.

ಆ ಮಾತಿನಲ್ಲಿ ನಮ್ಮವರೂ ಇದ್ದರು. ಗೆಳೆಯರ ಗುಂಪಿನ ಆನಂದಕಂದ, ಅಂದರೆ ಬೆಟಗೇರಿ ಕೃಷ್ಣಶರ್ಮ, ನಮ್ಮ ಗೋಕಾಕ ತಾಲೂಕಿನ ಬೆಟಗೇರಿಯವರು. ‘ಜಯಂತಿ’ ಪತ್ರಿಕೆ ನಡೆಸಿದವರು, ನಮ್ಮ ಆಡುಮಾತಿನಲ್ಲೇ ಹಾಡು ಬರೆದವರು.

ಇನ್ನೊಬ್ಬರು ಡಿ.ಸಿ. ಪಾವಟೆ. ನಮ್ಮದೇ ತಾಲೂಕಿನ ಮಮದಾಪುರದವರು, 1899ರಲ್ಲಿ ಬಡ ಮನೆಯಲ್ಲಿ ಹುಟ್ಟಿದವರು. ಕರ್ನಾಟಕ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ, ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಲ್ಲಿದ್ದು ಅದನ್ನು ಕಟ್ಟಿದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ವಿಳಾಸವೇ ಈಗ ಪಾವಟೆ ನಗರ. ಅವರ ಹೆಸರಿನ ಫೆಲೋಶಿಪ್ ಪಡೆದು ಇಲ್ಲಿಯವರು ಕೇಂಬ್ರಿಜ್‌ಗೆ ಹೋಗಿಬಂದಿದ್ದಾರೆ. ಮಮದಾಪುರದ ಹುಡುಗ ಕಟ್ಟಿದ ವಿಶ್ವವಿದ್ಯಾಲಯವನ್ನು ಕೊಣ್ಣೂರಿನ ಹುಡುಗಿ ಪರದೇಶ ಅಂದುಕೊಳ್ಳುವ ಹಾಗಾಗಿದೆಯಲ್ಲ, ನಮ್ಮ ಕೊರಗು ಇದೇ.

ಇದಕ್ಕೆ ಒಂದು ಕಾರಣವೂ ಇದೆ. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು, ನಮ್ಮ ಕಾಲೇಜುಗಳು ಅದಕ್ಕೆ ಸೇರಿದವು. ಒಳ್ಳೆಯದೇ ಆಯಿತು. ಆದರೆ ಮಾರ್ಕ್ಸ್‌ಕಾರ್ಡಿನಿಂದ ಧಾರವಾಡದ ಹೆಸರು ಹೋದಂತೆ ಮನಸ್ಸಿನಿಂದಲೂ ಹೋಯಿತು. ಸಮೀಪದ ಕಾಲೇಜು ಸಾಕು, ಹೆಣ್ಣುಮಕ್ಕಳಿಗಂತೂ ಅದೇ ಹೆಚ್ಚು ಅನ್ನುವವರಿಗೆ ನೆಪ ಸಿಕ್ಕಿತು.

ಧಾರವಾಡವನ್ನು ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಸಪ್ತಾಪುರದ ಕಡೆ ಹೋಗಿ ನೋಡಿ. ಕೋಚಿಂಗ್ ಸೆಂಟರುಗಳ ಬೋರ್ಡು ಸಾಲುಸಾಲು. ಪಿಎಸ್‌ಐ, ಕೆಎಎಸ್, ಪೊಲೀಸ್ ಕಾನ್‌ಸ್ಟೇಬಲ್ ಅಂತ ವರ್ಷಗಟ್ಟಲೆ ಓದುತ್ತ, ನೇಮಕಾತಿಯ ದಾರಿ ಕಾಯುತ್ತ ಕೂತ ನಮ್ಮ ಹಳ್ಳಿಗಳ ಹುಡುಗರು ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನಕ್ಕೆ ಚಹಾ ಅಂದರೆ ಮಧ್ಯಾಹ್ನದ ಊಟ ತಪ್ಪಿಸುವ ಉಪಾಯ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಖಾಯಂ ಅಧ್ಯಾಪಕರ ಕುರ್ಚಿ ಖಾಲಿ ಇರುವುದೂ ಸುಳ್ಳಲ್ಲ. ಇದನ್ನೂ ಮಕ್ಕಳು ನೋಡಲಿ. ಆ ಬೆಂಚಿನ ಮೇಲೆ ಕೂತ ಮೂವತ್ತರ ಅಣ್ಣ ತಾನು ಎಲ್ಲಿ ತಪ್ಪಿದೆ ಅಂತ ಹೇಳುವ ಮಾತು, ಕೋಚಿಂಗ್ ಸೆಂಟರಿನ ಜಾಹೀರಾತಿಗಿಂತ ಖರೇ ಇರುತ್ತದೆ.

ಆದ್ದರಿಂದ ಕೇಳುವುದಿಷ್ಟೇ. ಎಂಟನೆಯದೋ ಒಂಬತ್ತನೆಯದೋ ಓದುವ ಮಗಳನ್ನೋ ಮಗನನ್ನೋ ಕರೆದುಕೊಂಡು ಒಂದು ದಿನ ಧಾರವಾಡಕ್ಕೆ ಹೋಗಿ. ಭಾನುವಾರ ಬೇಡ, ಕಾಲೇಜು ನಡೆಯುವ ದಿನ ಹೋಗಿ. ತಾಯಿ ಮಗಳು ಆಧಾರ್ ಕಾರ್ಡ್ ಹಿಡಿದು ಹೊರಟರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮೊದಲು ಕರ್ನಾಟಕ ಕಾಲೇಜು, ಆಮೇಲೆ ಸಾಧನಕೇರಿಯಲ್ಲಿ ಬೇಂದ್ರೆ ಭವನ, ಸುಭಾಸ ರಸ್ತೆಯ ಪುಸ್ತಕದಂಗಡಿ, ಮಧ್ಯಾಹ್ನ ಖಾನಾವಳಿಯ ರೊಟ್ಟಿ, ಮೇಲೆ ಪಾವಟೆ ನಗರದ ಗುಡ್ಡ. ನಡುನಡುವೆ ಚಹಾ. ಎಲ್ಲವನ್ನೂ ನೋಡಲೇಬೇಕು ಅಂತ ಓಡಬೇಡಿ. ಒಂದು ಕಡೆ ಅರ್ಧ ತಾಸು ಕೂಡಿ, ಪಕ್ಕದಲ್ಲಿ ಕೂತವರನ್ನು ಯಾವೂರು ಅಂತ ಕೇಳಿ. ಪೇಡೆ ಕಡೆಗೆ ತಂದರಾಯಿತು.

ಶಾಲೆಯ ಗುರುಗಳಿಗೂ ಒಂದು ಮಾತು. ಟ್ರಿಪ್ಪಿನ ಪಟ್ಟಿಯಲ್ಲಿ ಈ ಊರನ್ನು ಸೇರಿಸಿ. ಗೋಲಗುಮ್ಮಟ ಎಲ್ಲಿಗೂ ಹೋಗುವುದಿಲ್ಲ. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮಾತ್ರ ಕೆಲವೊಮ್ಮೆ ಎರಡೇ ವರ್ಷದಲ್ಲಿ ಗಂಡನ ಮನೆಗೆ ಹೋಗಿಬಿಡುತ್ತಾಳೆ.

ಆ ದಿನ ಸಂಜೆ ಬಸ್ಸಿನಲ್ಲಿ ಅಣ್ಣ ಸವದತ್ತಿ ದಾಟುವ ತನಕ ಮಾತಾಡಲಿಲ್ಲ. ಆಮೇಲೆ ಕೇಳಿದರು, ‘ಆ ರಾಯಬಾಗದ ಹುಡುಗಿ ನಂಬರ್ ತಗೊಂಡಿಯಿಲ್ಲೋ?’ ಮಗಳು, ‘ನಾ ತಗೊಂಡೇನಿ’ ಅಂದಳು. ಅಪ್ಪ ‘ನೋಡೂಣು’ ಅಂದರು.

ನಮ್ಮ ಕಡೆ ‘ನೋಡೂಣು’ ಅಂದರೆ ಹೂಂ ಅಂತಲೂ ಅಲ್ಲ, ಉಹೂಂ ಅಂತಲೂ ಅಲ್ಲ. ಆದರೆ ಬೆಳಿಗ್ಗೆ ಮನೆ ಬಿಡುವಾಗ ಆ ಮನೆಯಲ್ಲಿ ಆ ಮಾತೂ ಇರಲಿಲ್ಲ.