ಗರುಡನ ಕಾಸು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೆಂಪಗಿರುವುದೆಲ್ಲ ಖೋಟಾ ಅಲ್ಲ ಎಂಬುದನ್ನು ನಾವು ಈ ದೀಪಾವಳಿಯಲ್ಲಿ ಕಣ್ಣಾರೆ ಕಂಡೆವು.

ನಮ್ಮ ಬಳಗದ ಅಕ್ಕತಂಗಿಯರಿಬ್ಬರ ಮಾತಿದು. ಅಕ್ಕ ವಡೋದರೆಯಲ್ಲಿದ್ದಾರೆ, ತಂಗಿ ಸೂರತ್ತಿನಲ್ಲಿ. ತಾಯಿ ತೀರಿಕೊಂಡ ಮೇಲೆ ಪೂಜೆಯ ಪೆಟ್ಟಿಗೆಯಲ್ಲಿದ್ದ ಎರಡು ಬಂಗಾರದ ನಾಣ್ಯಗಳನ್ನು ಹಂಚಿಕೊಂಡರು. ಅಕ್ಕನಿಗೆ 1918ರ ಸವರನ್ನು ಬಂತು. ತಂಗಿಗೆ ಹದ್ದಿನ ಚಿತ್ರವಿದ್ದ ನಾಣ್ಯ. ಕಾರವಾರದ ಅವರ ಅಜ್ಜಿಗೆ ಹಡಗಿನ ಕೆಲಸದಲ್ಲಿದ್ದ ತಮ್ಮ ಅದನ್ನು ತಂದುಕೊಟ್ಟಿದ್ದನಂತೆ. ಅಜ್ಜಿ ಅದಕ್ಕೆ ‘ಗರುಡನ ಕಾಸು’ ಎಂದು ಹೆಸರಿಟ್ಟು ಲಕ್ಷ್ಮೀಪೂಜೆಗೆ ಇಡುತ್ತಿದ್ದರು.

ಮಗಳ ಮದುವೆ ಗೊತ್ತಾದಾಗ ತಂಗಿ ಅದನ್ನು ಒಂದು ಅಂಗಡಿಗೆ ಒಯ್ದರು. ಅಂಗಡಿಯವನು ಒರೆಗಲ್ಲಿಗೆ ತಿಕ್ಕಿ, “22 ಕ್ಯಾರೆಟ್ಟಿಗೆ ಕಡಮೆ, ಇದು ಗಿನಿಯಲ್ಲ, ಖೋಟಾ. ಕರಗಿಸಿಬಿಡಿ” ಎಂದ. ಅಷ್ಟೆ. ‘ಅಕ್ಕ ಗೊತ್ತಿದ್ದೇ ಒಳ್ಳೆಯದನ್ನು ಇಟ್ಟುಕೊಂಡಳು’ ಎಂಬ ಮುಳ್ಳು ತಂಗಿಯ ಮನಸ್ಸಿನಲ್ಲಿ ನಟ್ಟಿತು. ಮಾತು ನಿಂತಿತು. ಕೊನೆಗೆ ಇಬ್ಬರೂ ಅಹಮದಾಬಾದಿಗೆ ಬಂದು, “ಮಾವ, ನೀವೇ ನೋಡಿ ಹೇಳಿರಿ” ಎಂದು ನಾಣ್ಯಗಳನ್ನು ನಮ್ಮ ಮುಂದಿಟ್ಟರು.

ನಾವು ಸರಾಫರಲ್ಲ, ಹಳೆಯ ನಾಣ್ಯಗಳ ಹುಚ್ಚು ಮಾತ್ರ ಉಂಟು. ನೋಡಿದರೆ ಅದು ಅಮೆರಿಕದ 5 ಡಾಲರಿನ ನಾಣ್ಯ, 1881ರದು. ಆ ಕಾಲದಲ್ಲಿ ಆ ದೇಶ ಬಂಗಾರದ ನಾಣ್ಯಗಳಿಗೆ 22 ಕ್ಯಾರೆಟ್ಟನ್ನು ಬಳಸುತ್ತಿರಲಿಲ್ಲ. ನೂರಕ್ಕೆ 90 ಪಾಲು ಬಂಗಾರ, ಉಳಿದದ್ದು ಬಹುತೇಕ ತಾಮ್ರ. ಬಣ್ಣ ತುಸು ಕೆಂಪಗಿರುವುದು ಅದರಿಂದಲೇ. ಇಂಗ್ಲೆಂಡಿನ ಸವರನ್ನು ಮಾತ್ರ 22 ಕ್ಯಾರೆಟ್ಟು. ಒರೆಗಲ್ಲು ಸುಳ್ಳು ಹೇಳಲಿಲ್ಲ. ಅದನ್ನು ಓದಿದವನು ತಪ್ಪಿದ.

ವಾಚಕರೇ, ಇನ್ನು ತೂಕ ನೋಡಿರಿ. ಸವರನ್ನು 7.99 ಗ್ರಾಂ, ಅದರಲ್ಲಿ ಅಪ್ಪಟ ಬಂಗಾರ 7.32 ಗ್ರಾಂ. ಅಮೆರಿಕದ ಈ ನಾಣ್ಯ 8.36 ಗ್ರಾಂ, ಅಪ್ಪಟ ಬಂಗಾರ 7.52 ಗ್ರಾಂ. ‘ಖೋಟಾ’ ಎನಿಸಿಕೊಂಡದ್ದರಲ್ಲಿಯೇ ಬಂಗಾರ ಹೆಚ್ಚು! ಇದನ್ನು ಕೇಳಿ ಅಕ್ಕ ನಕ್ಕರು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೆ ಲೆಕ್ಕ ಹೇಳಿದರೆ ಸಾಲದು, ಪರೀಕ್ಷೆ ಬೇಕು. ನಮ್ಮ ಚಿಕ್ಕ ತಕ್ಕಡಿಯಲ್ಲಿ ನಾಣ್ಯ 8.34 ಗ್ರಾಂ ತೂಗಿತು. ಸವೆತಕ್ಕೆ ಅಷ್ಟು ಸಹಜ. ಆ ಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು, ಮುಳ್ಳನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಮುಳುಗಿಸಿದೆವು. ತಕ್ಕಡಿ 0.49 ಗ್ರಾಂ ತೋರಿಸಿತು. 8.34ನ್ನು 0.49ರಿಂದ ಭಾಗಿಸಿದರೆ 17. ಇಂತಹ ಬಂಗಾರಕ್ಕೆ 17ರ ಆಸುಪಾಸು ಬರಬೇಕು. ಹಿತ್ತಾಳೆಗಾದರೆ ಎಂಟೂವರೆ ಬಂದೀತು. ನಾಣ್ಯಕ್ಕೆ ಕೊಂಡಿ ಬೆಸೆದಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ನಿಜವಾದ ಬಂಗಾರದಲ್ಲಿಯೇ ಸುಳ್ಳು ನಾಣ್ಯಗಳನ್ನು ಅಚ್ಚುಹಾಕಿದವರೂ ಇದ್ದಾರೆ. ಆದ್ದರಿಂದ ಅಕ್ಷರ, ಅಂಚಿನ ಗೀರು, ಇಸವಿ ಇವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಈ 5 ಡಾಲರಿನ ನಾಣ್ಯದಲ್ಲಿ ಹದ್ದಿನ ಮೇಲೆ ದೇವರನ್ನು ನಂಬಿದ್ದೇವೆಂಬ ಇಂಗ್ಲಿಷ್ ವಾಕ್ಯ ಬಂದದ್ದು 1866ರಲ್ಲಿ. ಅದಕ್ಕಿಂತ ಹಿಂದಿನ ಇಸವಿಯಿದ್ದು ಆ ವಾಕ್ಯವೂ ಇದ್ದರೆ ಸಂಶಯಪಡಿರಿ. ಅಕ್ಕನ ಸವರನ್ನಿನಲ್ಲಿ ಇಸವಿಯ ಮೇಲೆ ‘ಐ’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರವಿತ್ತು. ಅದು ಮುಂಬಯಿಯ ಟಂಕಸಾಲೆಯ ಗುರುತು. ಅಲ್ಲಿ ಅಚ್ಚಾದ ಸವರನ್ನುಗಳ ಮೇಲಿರುವುದು 1918ರ ಇಸವಿ ಮಾತ್ರ! ಕೊನೆಯ ತೀರ್ಪನ್ನು ನಾಣ್ಯಶಾಸ್ತ್ರ ಬಲ್ಲವರಿಗೇ ಬಿಡಬೇಕು. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರ ಮೇಲ್ಮೈಯ ಲೋಹವನ್ನು ಹೇಳುತ್ತದೆ, ಅಚ್ಚು ಯಾರದೆಂದು ಹೇಳದು.

ತಾಯಂದಿರಲ್ಲಿ ಒಂದು ವಿನಂತಿ. ಹಬ್ಬಕ್ಕೆಂದು ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ. ಹೊಳಪು ಬಂದರೂ ಸಂಗ್ರಾಹಕರ ಬೆಲೆ ಹೋಗುತ್ತದೆ. ಕೇಳದೆ ಕರಗಿಸಲೂ ಬೇಡಿರಿ.

ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. “ಈ ಕಾಸನ್ನು ತವರಿಗೆ ಒಯ್ಯಲೇ?” ಎಂದು ಅವರು ತಮಾಷೆಯಾಗಿ ಕೇಳಿದರು. ಅದು ಆಗದು. 1972ರ ಕಾಯಿದೆಯಂತೆ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಮಕ್ಕಳನ್ನು ನೋಡಲು ಹೊರಡುವ ಹಿರಿಯರು ಇದನ್ನು ನೆನಪಿಡಬೇಕು.

ಮದುವೆಯ ಖರ್ಚಿಗೆ ಅಕ್ಕ ತಮ್ಮ ಕೈಯಿಂದ ಹಣ ಕೊಟ್ಟರು. ಗರುಡನ ಕಾಸು ಸೂರತ್ತಿನಲ್ಲಿಯೇ ಉಳಿಯಿತು. ಅಕ್ಕತಂಗಿಯರ ಮಾತು ಮತ್ತೆ ಚಿಗುರಿತು. ಆ ಹಕ್ಕಿ ಗರುಡನಲ್ಲವೆಂದು ಹೇಳಲು ಮಾತ್ರ ನಮಗೆ ಮನಸ್ಸು ಬರಲಿಲ್ಲ.